ಬೆಸುಗೆ ಕಲಿಸಿದ ಅಕ್ಕ

ಹೋದ ಬೇಸಿಗೆಯಲ್ಲಿ ಮಾವಿನಹಣ್ಣು ತರಲೆಂದು ಚಿತ್ರದುರ್ಗದ ಪೇಟೆಗೆ ಹೋಗಿದ್ದೆ. ಒಂದು ಮಳಿಗೆಯ ಒಳಗೆ, ಬುಟ್ಟಿಗಳ ಸಂದಿಯಿಂದ, ಕೊಳೆತ ಬೆಳ್ಳುಳ್ಳಿಯಂಥ ವಾಸನೆ ಬಂತು. ಬೇರೆಯವರಿಗೆ ಅದು ಬರೀ ಕೆಟ್ಟ ವಾಸನೆ. ನನಗೆ ಮಾತ್ರ ಏನೆಂದು ತಕ್ಷಣ ತಿಳಿಯಿತು. ಕಾಯಿ ಬೇಗ ಹಣ್ಣಾಗಲಿ ಎಂದು ಯಾರೋ ಬುಟ್ಟಿಯಲ್ಲಿ ಕಾರ್ಬೈಡಿನ ಪೊಟ್ಟಣ ಇಟ್ಟಿದ್ದರು, ಅದಕ್ಕೆ ನೀರು ತಾಗಿತ್ತು. ಹಣ್ಣು ಕೊಳ್ಳಲಿಲ್ಲ. ಹೊರಗೆ ಬಂದು ಎದುರಿನ ಕಟ್ಟೆಯ ಮೇಲೆ ಸುಮ್ಮನೆ ಕುಳಿತುಬಿಟ್ಟೆ. ಹಿರಿಯೂರಿನ ಹೆದ್ದಾರಿ ಪಕ್ಕದ ಒಂದು ಶೆಡ್ಡು, ಅಲ್ಲಿ ನೀರಿನ ಡ್ರಮ್ಮಿಗೆ ಕಾರ್ಬೈಡ್ ಕಲ್ಲು ಸುರಿದು ಮುಚ್ಚಳ ಬಿಗಿಯುತ್ತಿದ್ದ ಒಬ್ಬ ಹೆಂಗಸು... ಎಷ್ಟು ವರ್ಷಗಳಾದವು! ನಾನು ಅವರನ್ನು ಅಕ್ಕ ಎಂದು ಕರೆಯುತ್ತಿದ್ದೆ.

ಎಪ್ಪತ್ತರ ದಶಕದ ನಡುವಿನ ಮಾತು. ನನಗೆ ಆಗ ಇಪ್ಪತ್ತಾರೋ ಇಪ್ಪತ್ತೇಳೋ. ನಮ್ಮಪ್ಪ ಬಿಟ್ಟುಹೋದ ಒಂದು ಹಳೆಯ ಲಾರಿ ಇತ್ತು, ಉದ್ದ ಮೂತಿಯದು. ಅದನ್ನು ಕೊಂಡಾಗಲೇ ಅದು ಇಬ್ಬರು ಮಾಲೀಕರನ್ನು ಕಂಡಿತ್ತಂತೆ. ನಮ್ಮೂರು ಹೊಸದುರ್ಗದಿಂದ ತೆಂಗಿನಕಾಯಿ, ಹಿರಿಯೂರಿನಿಂದ ಹತ್ತಿ, ಎಲ್ಲಿ ಏನು ಸಿಕ್ಕರೆ ಅದನ್ನು ಹೇರಿಕೊಂಡು ಓಡಿಸುತ್ತಿದ್ದೆ. ಒಂದು ಬೆಳಿಗ್ಗೆ ಐಮಂಗಲದ ಹತ್ತಿರ ಕುರಿಹಿಂಡು ರಸ್ತೆಗೆ ನುಗ್ಗಿತು. ಕುರಿಗಳನ್ನು ತಪ್ಪಿಸಲು ಹೋಗಿ ಲಾರಿಯನ್ನು ಹುಣಸೆಮರಕ್ಕೆ ಗುದ್ದಿಸಿಬಿಟ್ಟೆ. ಕುರಿಗಳು ಉಳಿದವು, ನಾನೂ ಉಳಿದೆ. ಕ್ಯಾಬಿನ್ನಿನ ಎಡಮಗ್ಗುಲು ಮಾತ್ರ ಬಾಗಿಲ ಸಮೇತ ಹಪ್ಪಳದಂತೆ ಮುರುಟಿಹೋಯಿತು.

ಎಂಜಿನ್ನಿಗೆ ಏನೂ ಆಗಿರಲಿಲ್ಲ. ಹಾಗೇ ತೆವಳಿಸಿಕೊಂಡು ಹಿರಿಯೂರಿಗೆ ಬಂದೆ. ಅಲ್ಲಿ ಊರಾಚೆ ಒಬ್ಬ ಮೇಸ್ತ್ರಿಯ ಶೆಡ್ಡಿತ್ತು. ಹಳೆಯ ಗಾಡಿಗಳ ತಗಡಿನ ಕೆಲಸಕ್ಕೆ ಅವರನ್ನು ಬಿಟ್ಟರಿಲ್ಲ ಎನ್ನುತ್ತಿದ್ದರು ಲಾರಿಯವರು. ಅವರು ಹಾಕಿದ ತೇಪೆಯ ಮೇಲೆ ಬಣ್ಣ ಬಿದ್ದರೆ ತೇಪೆ ಎಲ್ಲಿದೆ ಎಂದು ಮಾಲೀಕನಿಗೂ ಗೊತ್ತಾಗುತ್ತಿರಲಿಲ್ಲ. ಮೇಸ್ತ್ರಿ ಸ್ಟೂಲಿನ ಮೇಲೆ ಕುಳಿತಿದ್ದರು, ಐವತ್ತು ದಾಟಿದ ಮನುಷ್ಯ. ಎದ್ದು ಬಂದು ಮುರುಟಿದ ಬಾಗಿಲಿನ ಮೇಲೆ ಅಂಗೈ ಆಡಿಸಿದರು, ಬೆರಳ ಗೆಣ್ಣಿನಿಂದ ಅಲ್ಲಲ್ಲಿ ಬಡಿದು ಸದ್ದು ಕೇಳಿದರು. ಒಂದು ತಿಂಗಳಾದರೂ ಬೇಕು, ಆಳುಗಳಿಲ್ಲ, ನೀನೇ ಇದ್ದು ಕೈಜೋಡಿಸಿದರೆ ಬೇಗ ಆಗುತ್ತದೆ ಎಂದರು. ನನಗೂ ಬೇರೆ ಕೆಲಸ ಇರಲಿಲ್ಲ. ಅಲ್ಲೇ ಉಳಿದೆ.

ಮೊದಲೆರಡು ದಿನ ಬಿಚ್ಚುವ ಕೆಲಸ. ಸೀಟು, ಗಾಜು, ಬಾಗಿಲು ಕಳಚಿದೆ. ಬೆಸುಗೆಯ ಹೊತ್ತು ಬಂದಾಗ ಮೇಸ್ತ್ರಿ ಗಾಡಿಯ ಆ ಮಗ್ಗುಲಿಗೆ ಟಾರ್ಪಾಲು ಇಳಿಬಿಡಿಸಿ, ನನ್ನನ್ನು ರಸ್ತೆ ಕಡೆಗೆ ಕಳಿಸಿಬಿಡುತ್ತಿದ್ದರು. ಬೆಂಕಿ ನೋಡಿದರೆ ಕಣ್ಣು ಹೋಗುತ್ತವೆ ಎನ್ನುವುದು ಅವರು ಕೊಡುತ್ತಿದ್ದ ಕಾರಣ. ಗಾಡಿ ತಂದ ಎಲ್ಲರಿಗೂ ಅದನ್ನೇ ಹೇಳುತ್ತಿದ್ದರು, ಯಾರಿಗೂ ಅನುಮಾನ ಬಂದಿರಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಜೋರು ಗಾಳಿ ಎದ್ದು ಟಾರ್ಪಾಲು ಹಾರಿ ಗಾಡಿಯ ಮೇಲಕ್ಕೆ ಮಡಚಿಕೊಂಡಿತು. ಅದನ್ನು ಹಿಡಿಯಲು ಓಡಿದವನು ಅಲ್ಲೇ ನಿಂತೆ.

ಬೆಂಕಿ ಹಿಡಿದು ಮಂಡಿಯೂರಿ ಕುಳಿತಿದ್ದವರು ಮೇಸ್ತ್ರಿಯ ಹೆಂಡತಿ. ಸೀರೆಯ ಮೇಲೆ ಗಂಡನ ಖಾಕಿ ಅಂಗಿ ತೊಟ್ಟು ತೋಳಿನ ಗುಂಡಿ ಹಾಕಿಕೊಂಡಿದ್ದರು, ಕಣ್ಣಿಗೆ ಕಪ್ಪು ಗಾಜು. ಮೇಸ್ತ್ರಿ ಪಕ್ಕದಲ್ಲಿ ತಗಡಿಗೆ ಕಿವಿಗೊಟ್ಟು ಕುಳಿತಿದ್ದರು. ಎರಡು ದಿನದಿಂದ ನನಗೆ ಊಟಕ್ಕೆ ಬಡಿಸುತ್ತಿದ್ದ ಅದೇ ಹೆಂಗಸು... ನನ್ನನ್ನು ಕಂಡು ಅವರು ಗಾಬರಿಯಾಗಲಿಲ್ಲ. ಉರಿ ಆರಿಸಿ, ಗಾಜು ಹಣೆಗೇರಿಸಿ, ಒಂದು ಗಳಿಗೆ ಗಂಡನ ಮುಖ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ನೋಡಿಯಾತಲ್ಲ. ಇನ್ನು ನಿನಗೆ ಮುಚ್ಚಿಟ್ಟು ಏನು ಮಾಡಾದೈತೆ? ಬಾ, ಈ ತುದಿ ಹಿಡ್ಕ."

ಮೇಸ್ತ್ರಿಗೆ ಕಣ್ಣು ಕಾಣುತ್ತಿರಲಿಲ್ಲ. ಬೆಳಕು ಎಲ್ಲಿದೆ, ಅಡ್ಡ ಯಾರು ಬಂದರು ಎನ್ನುವಷ್ಟು ಮಾತ್ರ ತಿಳಿಯುತ್ತಿತ್ತು. ಹರೆಯದಲ್ಲಿ ಗಾಜಿಲ್ಲದೆ ಬರಿಗಣ್ಣಿನಲ್ಲಿ ವೆಲ್ಡಿಂಗ್ ಮಾಡಿದ್ದರ ಫಲ ಎಂದು ಅವರೇ ಹೇಳುತ್ತಿದ್ದರು. ದೊಡ್ಡ ಆಸ್ಪತ್ರೆಯವರೂ ಕೈಚೆಲ್ಲಿದ್ದರು. ಶೆಡ್ಡು ಮುಚ್ಚಬೇಕು ಎಂದು ಅವರು ಹೇಳಿದಾಗ ಹೆಂಡತಿ, ಎಂದರೆ ನಮ್ಮ ಅಕ್ಕ, ನೀವು ಹೇಳಿಕೊಡಿ, ನಾನು ಮಾಡುತ್ತೇನೆ ಎಂದರಂತೆ. ಅವರ ತವರು ತಾಳ್ಯ, ಕಮ್ಮಾರರ ಮನೆ. ಮದುವೆಯಾಗುವ ತನಕ ಅಪ್ಪನ ಕುಲುಮೆಯಲ್ಲಿ ತಿದಿ ಒತ್ತಿದವರು. ಕಬ್ಬಿಣ ಯಾವ ಬಣ್ಣಕ್ಕೆ ಬಂದರೆ ಬಡಿಯಬೇಕು, ಯಾವ ಬಣ್ಣಕ್ಕೆ ಬಂದರೆ ಕೆಡುತ್ತದೆ ಎನ್ನುವುದು ಅವರಿಗೆ ಚಿಕ್ಕಂದಿನಿಂದ ಗೊತ್ತು. ಎರಡು ವರ್ಷದಲ್ಲಿ ಅವರ ಕೈ ಮೇಸ್ತ್ರಿಯ ಕೈಯನ್ನು ಮೀರಿಸಿತು. ಈ ಮಾತು ಹೇಳಿದ್ದು ಅಕ್ಕನಲ್ಲ, ಮೇಸ್ತ್ರಿ. ಆದರೆ ಕಣ್ಣು ಹೋದ ಮೇಸ್ತ್ರಿ, ಬೆಂಕಿ ಹಿಡಿಯುವ ಹೆಂಗಸು ಎಂದು ತಿಳಿದರೆ ಯಾವ ಲಾರಿಯೂ ಶೆಡ್ಡಿನ ಮುಂದೆ ನಿಲ್ಲುವುದಿಲ್ಲ. ಅದಕ್ಕೇ ಟಾರ್ಪಾಲು.

ಮಾರನೆಯ ದಿನದಿಂದ ನಾನು ಒಳಗಿನವನಾದೆ. ಮೊದಲು ಕತ್ತರಿಸುವುದನ್ನು ಕಲಿತೆ. ಬಾಗಿಲ ಕೆಳಗಿನ ತಗಡು ಅಪಘಾತಕ್ಕೆ ಮುಂಚೆಯೇ ತುಕ್ಕು ತಿಂದು ಜಾಳಾಗಿತ್ತು. ನಾನು ತೂತಿನ ಸುತ್ತ ಒಂದಿಷ್ಟು ಕತ್ತರಿಸಿ ಸಾಕೆಂದೆ. ಅಕ್ಕ ಉಗುರಿನಿಂದ ಅಂಚನ್ನು ಕೆರೆದು ತೋರಿಸಿದರು, ಕಂದು ಪುಡಿ ಉದುರಿತು. ಗಟ್ಟಿ ತಗಡು ಸಿಗುವವರೆಗೂ ಕತ್ತರಿಸುತ್ತಾ ಹೋಗು, ಕೊಳೆತದ್ದಕ್ಕೆ ಹೊಸದನ್ನು ಸೇರಿಸಿದರೆ ಹೊಸದೂ ಹಾಳು ಎಂದರು. ಅಂಗೈಯಗಲದ ತೂತು ಮೊರದಗಲವಾಯಿತು.

ತೇಪೆಗೆ ಖಾಲಿ ಡಾಂಬರ್ ಡ್ರಮ್ಮಿನ ತಗಡು. ಡ್ರಮ್ಮನ್ನು ಸೀಳಿ, ಸುಟ್ಟು, ತಿಕ್ಕಿ, ಬಡಿದು ಸಪಾಟು ಮಾಡುವುದೇ ಎರಡು ದಿನದ ಕೆಲಸ. ಅಕ್ಕ ಹಳೆಯ ಪೇಪರನ್ನು ತೂತಿನ ಮೇಲಿಟ್ಟು ಅಂಚಿಗೆ ಬೆರಳು ಒತ್ತಿ ಗುರುತು ಮಾಡಿಕೊಂಡು, ರವಿಕೆ ಬಟ್ಟೆ ಕತ್ತರಿಸಿದಷ್ಟು ಜೋಪಾನವಾಗಿ ತಗಡನ್ನು ಕತ್ತರಿಸುತ್ತಿದ್ದರು. ತೂತಿಗೂ ತೇಪೆಗೂ ನಡುವೆ ಎಲ್ಲೂ ಬೆಳಕು ಕಾಣಬಾರದು. ಕಂಡರೆ ಮತ್ತೆ ಅರದಿಂದ ಉಜ್ಜಬೇಕು.

ಆಮೇಲೆ ಬೆಂಕಿ. ಡ್ರಮ್ಮಿನ ನೀರಿಗೆ ಕಾರ್ಬೈಡ್ ಬಿದ್ದ ಕೂಡಲೇ ಒಳಗೆ ಗೊಳಗೊಳ ಸದ್ದು, ಹೊರಗೆ ಆ ವಾಸನೆ. ರಬ್ಬರ್ ಕೊಳವೆಯಲ್ಲಿ ಬಂದ ಆ ಅನಿಲಕ್ಕೆ ಹಿತ್ತಾಳೆ ಮೂತಿಯ ತುದಿಯಲ್ಲಿ ಕಿಡಿ ತಾಗಿಸಿದರೆ ಮೊದಲು ಹಳದಿ ಉರಿ, ಮಸಿ ಕಾರುವ ಉರಿ. ಸಿಲಿಂಡರಿನ ಆಕ್ಸಿಜನ್ ನಿಧಾನವಾಗಿ ಬಿಟ್ಟಂತೆ ಅದು ನೀಲಿಯಾಗಿ, ಮೂತಿಯ ಹತ್ತಿರ ಅಕ್ಕಿಕಾಳಿನಷ್ಟು ಬಿಳಿಯ ಮೊನೆ ಮೂಡುತ್ತದೆ. ಆ ಮೊನೆ ತಗಡಿಗೆ ತಾಗಬಾರದು, ದೂರವೂ ಹೋಗಬಾರದು. ಬಲಗೈಯಲ್ಲಿ ಬೆಂಕಿ, ಎಡಗೈಯಲ್ಲಿ ಬೆಸುಗೆಗೆ ಕರಗಿಸುವ ತಂತಿ. ನಾನು ಲಾರಿಯ ಸ್ಟೀರಿಂಗ್ ತಿರುಗಿಸಿದ ಕೈಯವನು, ಗಟ್ಟಿ ಹಿಡಿದರೆ ಸಾಕು ಎಂದುಕೊಂಡಿದ್ದೆ. ಮೊದಲ ದಿನ ಚೂರು ತಗಡಿನ ಮೇಲೆ ಇಟ್ಟ ಕಡೆಯೆಲ್ಲ ತೂತು. ಎರಡನೆಯ ದಿನ ಹೆದರಿ ಬೇಗ ಬೇಗ ಎಳೆದೆ, ತಂತಿ ಕರಗಿ ಮೇಲೆ ಕೂತಿತೇ ಹೊರತು ತಗಡು ಕೂಡಲಿಲ್ಲ. ಬೆರಳಲ್ಲಿ ಎಬ್ಬಿಸಿದರೆ ಹಕ್ಕಳೆಯಂತೆ ಎದ್ದು ಬಂತು.

ಅಕ್ಕ ನನ್ನ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟರು. ಹಿಡಿಯಲಿಲ್ಲ, ಸುಮ್ಮನೆ ಇಟ್ಟರು.

"ಎರಡೂ ಅಂಚು ಬೆವರಬೇಕು ನೋಡು. ಒಂದು ಬೆವರಿ ಇನ್ನೊಂದು ಒಣಗಿದ್ರೆ ಕೂಡಲ್ಲ. ಬೆವರೋ ತನಕ ಕಾಯಿ. ಬೆವರಿದ ಮ್ಯಾಲೆ ಅಲ್ಲಿ ನಿಲ್ಲಬ್ಯಾಡ, ಮುಂದಕ್ಕೆ ಹೋಗು."

ಕಪ್ಪು ಗಾಜಿನೊಳಗಿಂದ ನೋಡಿದರೆ ಅದು ನಿಜವಾಗಿಯೂ ಬೆವರೇ. ತಗಡು ಕೆಂಪಾಗಿ, ಕಿತ್ತಳೆಯಾಗಿ, ಆಮೇಲೆ ಇದ್ದಕ್ಕಿದ್ದಂತೆ ಮೈ ಒದ್ದೆಯಾದಂತೆ ಮಿನುಗುತ್ತದೆ. ಎರಡೂ ಕಡೆಯ ಒದ್ದೆ ಒಂದಾಗುವ ಆ ಗಳಿಗೆಯಲ್ಲಿ ತಂತಿಯ ತುದಿಯನ್ನು ಅದ್ದಬೇಕು. ಇದು ನನಗೆ ಸಿಕ್ಕಿದ್ದು ಎಂಟನೆಯ ದಿನವೋ ಒಂಬತ್ತನೆಯ ದಿನವೋ. ಒಂದು ಗೇಣಿನಷ್ಟು ಬೆಸುಗೆ ತಪ್ಪಿಲ್ಲದೆ ಬಂತು. ಗಾಜು ತೆಗೆದು ನೋಡಿದೆ, ಮೀನಿನ ಹುರುಪೆಯಂತೆ ಒಂದರ ಮೇಲೊಂದು ಕೂತಿತ್ತು. ದೂರದಲ್ಲಿ ಕುಳಿತಿದ್ದ ಮೇಸ್ತ್ರಿ, ಈಗ ಬಂದ ಸದ್ದು ಸರಿಯಾಗಿತ್ತು ಎಂದರು. ಅಷ್ಟು ಹೊತ್ತೂ ಕೇಳಿಸಿಕೊಂಡೇ ಇದ್ದರು!

ಆದರೆ ಚೂರಿನ ಮೇಲೆ ಮಾಡುವುದು ಬೇರೆ, ಕ್ಯಾಬಿನ್ನಿನ ಅಗಲ ತಗಡಿನ ಮೇಲೆ ಮಾಡುವುದು ಬೇರೆ. ಒಂದು ತುದಿಯಿಂದ ಎಳೆದುಕೊಂಡು ಹೋದರೆ ಕಾವಿಗೆ ತಗಡು ಸೊಟ್ಟಗಾಗಿ ಅಲೆಅಲೆಯಾಗಿ ಏಳುತ್ತದೆ. ಮೊದಲು ಎರಡೆರಡು ಬೆರಳಿಗೊಂದು ಬೆಸುಗೆಯ ಚುಕ್ಕೆ ಇಟ್ಟು ತೇಪೆಯನ್ನು ನಿಲ್ಲಿಸಬೇಕು, ಹೊಲಿಯುವ ಮುಂಚೆ ಅಲ್ಲಲ್ಲಿ ದಾರ ಹಾಕಿ ನಿಲ್ಲಿಸುವ ಹಾಗೆ. ಆಮೇಲೆ ಇಲ್ಲಿ ಒಂದಿಷ್ಟು, ಅಲ್ಲಿ ಒಂದಿಷ್ಟು, ನಡುನಡುವೆ ಒದ್ದೆ ಗೋಣಿ ಒತ್ತಿ ಆರಿಸುತ್ತಾ ಕೂಡಿಸಬೇಕು. ಉಬ್ಬಿದ ಕಡೆ ಒಳಗಿನಿಂದ ದಪ್ಪ ಕಬ್ಬಿಣದ ತುಂಡು ಆನಿಸಿ ಹೊರಗಿನಿಂದ ಸುತ್ತಿಗೆಯಲ್ಲಿ ತಟ್ಟಬೇಕು. ತಟ್ಟುವ ಕೆಲಸ ಮೇಸ್ತ್ರಿಯದು. ಅಂಗೈ ಆಡಿಸಿ, ಒಂದು ನೂಲಿನಷ್ಟು ಏರು ಇದ್ದರೂ ಅಲ್ಲಿ ಬೆರಳಿಟ್ಟು ಅಲ್ಲಿಗೇ ಸುತ್ತಿಗೆ ಬೀಳಿಸುತ್ತಿದ್ದರು. ಅಕ್ಕ ಒಳಗೆ ಕುಳಿತು ಆ ತುಂಡು ಆನಿಸುತ್ತಿದ್ದರು. ನಡುವೆ ತಗಡು, ಆಚೆ ಒಬ್ಬರು ಈಚೆ ಒಬ್ಬರು. ಮಾತಿಲ್ಲದೆ ಸುತ್ತಿಗೆ ಎಲ್ಲಿ ಬೀಳುತ್ತದೆಂದು ಇಬ್ಬರಿಗೂ ಗೊತ್ತಿರುತ್ತಿತ್ತು. ಗಂಡ ಹೆಂಡತಿ ಹೀಗೂ ಇರಬಹುದು ಎಂದು ಮದುವೆಯಾಗದ ನಾನು ಆಗ ಮೊದಲ ಸಲ ಕಂಡೆ.

ಬಾಗಿಲ ಮಗ್ಗುಲಿನ ದೊಡ್ಡ ತೇಪೆಯನ್ನು ಅಕ್ಕ ನನಗೇ ಬಿಟ್ಟರು. ಗಾಡಿ ನಿಂದು, ಕೆಟ್ಟರೆ ನಿನ್ನದೇ ಕೆಡುತ್ತದೆ, ಮಾಡು ಎಂದರು. ಎರಡು ದಿನ ಹಿಡಿಯಿತು. ಬೆಸುಗೆಯನ್ನು ಅರ ಹಾಕಿ ಸಮ ಮಾಡಿದ ಮೇಲೆ ಮೇಸ್ತ್ರಿ ಮೇಲಿನಿಂದ ಕೆಳಗೆ ಅಂಗೈ ಎಳೆದರು. ಇದು ಯಾರು ಮಾಡಿದ್ದು ಎಂದು ಕೇಳಿದರು. ಅಕ್ಕ ನನ್ನನ್ನು ನೋಡಿ ನಕ್ಕುಬಿಟ್ಟರು.

ಆ ನಲವತ್ತು ದಿನಗಳಲ್ಲಿ ಒಂದು ವಿಷಯ ಮಾತ್ರ ನನಗೆ ಚುಚ್ಚುತ್ತಿತ್ತು. ಗಾಡಿಯ ಮಾಲೀಕ ಯಾರಾದರೂ ಬಂದ ಸದ್ದಾದರೆ ಅಕ್ಕ ಬೆಂಕಿ ಆರಿಸಿ, ಅಂಗಿ ಕಳಚಿ, ಹಿಂದಿನ ಬಾಗಿಲಿಂದ ಮನೆಯೊಳಗೆ ಹೋಗುತ್ತಿದ್ದರು. ಸ್ವಲ್ಪ ಹೊತ್ತಿಗೆ ಸೆರಗು ಸರಿಪಡಿಸಿಕೊಂಡು ಚಹಾ ತರುತ್ತಿದ್ದರು. ಬಂದವರು ಅವರ ಕೈಯಿಂದ ಲೋಟ ತೆಗೆದುಕೊಂಡು, ಅವರ ಎದುರಿಗೇ ಮೇಸ್ತ್ರಿಯ ಕೈಯನ್ನು ಹೊಗಳುತ್ತಿದ್ದರು. ಮೇಸ್ತ್ರಿ ತಲೆ ತಗ್ಗಿಸುತ್ತಿದ್ದರು. ಅಕ್ಕನ ಮುಖದಲ್ಲಿ ಏನೂ ಇರುತ್ತಿರಲಿಲ್ಲ.

ಲಾರಿಗೆ ಬಣ್ಣ ಬಿತ್ತು. ಓಡಿಸಲು ಶುರುಮಾಡಿದೆ. ಹದಿನೈದು ದಿನವೂ ಆಗಿರಲಿಲ್ಲ, ಶೆಡ್ಡಿಗೆ ಹತ್ತಿರದ, ಹೆದ್ದಾರಿಯ ಚಹದಂಗಡಿಯಲ್ಲಿ ನಾಲ್ಕಾರು ಲಾರಿಗಳ ಸಾಹುಕಾರನೊಬ್ಬ ನನ್ನ ಕ್ಯಾಬಿನ್ನನ್ನು ಸವರಿ ನೋಡುತ್ತಿದ್ದ. ಅವನ ಎರಡು ಗಾಡಿಗಳು ಆಗ ಶೆಡ್ಡಿನಲ್ಲೇ ಇದ್ದವು. ವಯಸ್ಸಾದರೂ ಮೇಸ್ತ್ರಿಯ ಕೈಗೆ ಮುಪ್ಪು ಬಂದಿಲ್ಲ ಎಂದ. ಸುತ್ತ ಕುಳಿತಿದ್ದ ಡ್ರೈವರುಗಳು ಹೌದೆಂದರು. ನಾನು ಸುಮ್ಮನಿರಬೇಕಿತ್ತು...

"ಮೇಸ್ತ್ರಿ ಕೈ ಅಲ್ಲ ಸಾಹುಕಾರ್ರೆ ಅದು. ಅಕ್ಕನ ಕೈ. ಮೇಸ್ತ್ರಿಗೆ ಕಣ್ಣೆಲ್ಲಿ ಕಾಣ್ತಾವೆ?"

ಅಕ್ಕನಿಗೆ ಸಲ್ಲಬೇಕಾದ ಹೊಗಳಿಕೆ ಅಕ್ಕನಿಗೇ ಸಲ್ಲಲಿ ಎಂದು ಹೇಳಿದೆ. ಹಾಗೆಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳಲ್ಲ. ಆದರೆ ಅಷ್ಟು ಜನರಿಗೆ ಗೊತ್ತಿಲ್ಲದ್ದು ನನಗೊಬ್ಬನಿಗೆ ಗೊತ್ತಿದೆ ಎನ್ನುವ ಜಂಬವೂ ಆ ಮಾತಿನಲ್ಲಿ ಇತ್ತು. ಸಾಹುಕಾರ ನಕ್ಕ, ನನ್ನ ಮುಖ ನೋಡಿ ನಗು ನಿಲ್ಲಿಸಿದ. ಚಹಾ ಅರ್ಧಕ್ಕೇ ಬಿಟ್ಟು ಎದ್ದ. ನನಗೆ ಅದರ ಅರ್ಥ ಆಗಲಿಲ್ಲ. ನಾನು ಲೋಡು ಹೇರಿಕೊಂಡು ದಾವಣಗೆರೆಗೆ ಹೋದೆ.

ಎರಡು ದಿನ ಬಿಟ್ಟು ವಾಪಸು ಬರುವಾಗ ಶೆಡ್ಡಿನ ಮುಂದೆ ಜನ ನಿಂತಿದ್ದರು. ಸಾಹುಕಾರ ತನ್ನ ಎರಡೂ ಗಾಡಿಗಳನ್ನು ಅರ್ಧ ಕೆಲಸದಲ್ಲೇ ಎಳೆಸಿಕೊಂಡು ಹೋಗಲು ಬಂದಿದ್ದ. ಮೇಸ್ತ್ರಿ ಎಂದಿನಂತೆ ಸ್ಟೂಲಿನ ಮೇಲಿದ್ದರು. ಕಣ್ಣಿಲ್ಲದವನು ಇಷ್ಟು ವರ್ಷ ನಮ್ಮ ಕಣ್ಣಿಗೆ ಮಣ್ಣೆರಚಿದ, ಹೆಂಗಸು ಅಂಟಿಸಿದ ತಗಡು ನಂಬಿ ಲೋಡು ಹೇರಿದೆವಲ್ಲ ಎಂದು ಸಾಹುಕಾರ ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದ. ಹೇಳುತ್ತಾ ಹೇಳುತ್ತಾ ಮೇಸ್ತ್ರಿಯ ಮುಖದ ಮುಂದೆ ಬಂದು, ಕಣ್ಣುರೆಪ್ಪೆಯ ಹತ್ತಿರ ಕೈ ಆಡಿಸಿ ಪರೀಕ್ಷೆ ಮಾಡಿದ. ಒಂದು ಸಲ, ಎರಡು ಸಲ. ಯಾರೋ ಕಿಸಕ್ಕೆಂದರು.

ಮೇಸ್ತ್ರಿ ಅಲುಗಲಿಲ್ಲ. ಮೆಲ್ಲಗೆ ಹೇಳಿದರು: "ಕೈ ಇಳಿಸ್ರಿ ಸಾಹುಕಾರ್ರೆ. ಗಾಳಿ ಗೊತ್ತಾಗ್ತೈತೆ."

ಅಕ್ಕ ಹಿಂದಿನ ಬಾಗಿಲಲ್ಲಿ ನಿಂತಿದ್ದರು. ಅವತ್ತು ಖಾಕಿ ಅಂಗಿ ಕಳಚಿರಲಿಲ್ಲ. ಎಲ್ಲರ ನಡುವೆ ನಡೆದು ಬಂದು ಗಂಡನ ಪಕ್ಕದಲ್ಲಿ ನಿಂತರು, ಗಾಡಿಗಳನ್ನು ಎಳೆದುಕೊಂಡು ಹೋಗುವವರೆಗೂ ನಿಂತೇ ಇದ್ದರು. ನಾನು? ನಾನು ನನ್ನ ಲಾರಿಯ ಮರೆಯಲ್ಲಿದ್ದೆ. ಮುಂದೆ ಹೋಗಿ ಒಂದು ಮಾತು ಆಡಲು ನನ್ನಿಂದ ಆಗಲಿಲ್ಲ.

ಜನ ಚದುರಿದ ಮೇಲೆ ಒಳಗೆ ಹೋದೆ. ಅಕ್ಕ ಡ್ರಮ್ಮಿನ ತಳದಲ್ಲಿ ಕೂತಿದ್ದ ಸುಣ್ಣದಂಥ ಬೂದಿಯನ್ನು ಬಕೆಟ್ಟಿಗೆ ತೋಡುತ್ತಿದ್ದರು. ಅದರಲ್ಲೇ ಅವರು ಗೋಡೆಗೆ ಸುಣ್ಣ ಬಳಿಯುತ್ತಿದ್ದರು. ಹೇಳಿದವನು ನಾನೇ ಎಂದು ಹೇಳಿದೆ. ಅವರು ತೋಡುವುದನ್ನು ನಿಲ್ಲಿಸಲಿಲ್ಲ.

"ಗೊತ್ತು ಕಣಪ್ಪ. ನಿನ್ನ ಬಿಟ್ರೆ ಇನ್ಯಾರಿಗೆ ಗೊತ್ತಿತ್ತು?" ಇನ್ನೊಂದು ಸಲ ತೋಡಿ ಬಕೆಟ್ಟಿಗೆ ಸುರಿದು, "ಸುಳ್ಳೇನೂ ಹೇಳಿಲ್ಲಲ್ಲ ನೀನು" ಎಂದರು. ಅದರಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ಒಂದು ವರ್ಷದಷ್ಟು ಶೆಡ್ಡು ನಡೆಯಿತು. ಟಾರ್ಪಾಲನ್ನು ಅಕ್ಕ ಮಡಚಿ ಅಟ್ಟಕ್ಕೆ ಹಾಕಿದರು. ರೈತರು ಬರುತ್ತಿದ್ದರು, ಸೋರುವ ನೀರಿನ ಡ್ರಮ್ಮು, ಪಂಪಿನ ಪೈಪು, ಮುರಿದ ಕುಂಟೆ ತರುತ್ತಿದ್ದರು. ಬೆಂಕಿ ಯಾರು ಹಿಡಿದರೇನು, ಸೋರುವುದು ನಿಂತರೆ ಸಾಕು ಅವರಿಗೆ. ಲಾರಿಗಳು ಬರಲಿಲ್ಲ. ನಾನು ಆ ದಾರಿಯಲ್ಲಿ ಹೋದಾಗಲೆಲ್ಲ ನಿಲ್ಲಿಸುತ್ತಿದ್ದೆ. ಅಕ್ಕ ಕೂರಲು ಹೇಳುತ್ತಿದ್ದರು, ಚಹಾ ಕೊಡುತ್ತಿದ್ದರು, ಮನೆಯವರ ಕ್ಷೇಮ ವಿಚಾರಿಸುತ್ತಿದ್ದರು. ಕೆಲಸಕ್ಕೆ ಮಾತ್ರ ಮತ್ತೆಂದೂ ಕರೆಯಲಿಲ್ಲ.

ಮೇಸ್ತ್ರಿ ಹಾಸಿಗೆ ಹಿಡಿದಾಗ ಅವರನ್ನು ಕರೆದುಕೊಂಡು ತಾಳ್ಯದ ತಮ್ಮನ ಮನೆಗೆ ಹೋದರು. ಅವರ ಸಾಮಾನು ಸಾಗಿಸಿದ್ದು ನನ್ನ ಲಾರಿಯಲ್ಲೇ. ಸಿಲಿಂಡರು ವಾಪಸು ಹೋಗಿತ್ತು, ಮಿಕ್ಕಿದ್ದನ್ನು ಮಾರಿದ್ದರು. ಪಾತ್ರೆ, ಹಾಸಿಗೆ, ಎರಡು ಪೆಟ್ಟಿಗೆ, ಅಷ್ಟೇ. ತಾಳ್ಯದಲ್ಲಿ ಇಳಿಸಿ ಹೊರಟಾಗ ಅಕ್ಕ ಲಾರಿಯ ಎಡಗಡೆಗೆ ಬಂದು, ಬಾಗಿಲ ಪಕ್ಕದ ತಗಡಿನ ಮೇಲೆ ಅಂಗೈಯನ್ನು ಉದ್ದಕ್ಕೂ ಎಳೆದರು.

"ಇಂಥ ಅಗಲ ತಗಡು ಆಮ್ಯಾಲೆ ನನ್ನ ಕೈಗೆ ಸಿಗಲೇ ಇಲ್ಲ ನೋಡು" ಎಂದರು.

ನನ್ನಿಂದ ಅವರು ಕಳೆದುಕೊಂಡದ್ದು ಏನೆಂದು ನನಗೆ ಆ ಹೊತ್ತು ಪೂರ್ತಿ ತಿಳಿಯಿತು. ಅವರ ಹೊಟ್ಟೆಪಾಡು ಹೇಗೋ ನಡೆಯುತ್ತಿತ್ತು. ಅವರಿಗೆ ಆ ಕೆಲಸ ಇಷ್ಟವಿತ್ತು.

ಮುಂದೆ ನಾನು ಹೊಸದುರ್ಗ ಬಿಟ್ಟೆ, ಮದುವೆಯಾದೆ, ಚಿತ್ರದುರ್ಗದಲ್ಲಿ ನೆಲೆಯಾದೆ. ಮೇಸ್ತ್ರಿ ತೀರಿಕೊಂಡ ಸುದ್ದಿ ತಡವಾಗಿ ತಿಳಿಯಿತು. ಹೋಗಬೇಕು, ನೋಡಬೇಕು ಎಂದುಕೊಂಡೇ ವರ್ಷಗಳು ಕಳೆದವು. ಹೋಗದಿರಲು ಎಷ್ಟೊಂದು ಕಾರಣಗಳು ಸಿಗುತ್ತವೆ...

ಅವತ್ತು ಆ ಕಟ್ಟೆಯಿಂದ ಎದ್ದವನು ಅದೇ ವಾರ ತಾಳ್ಯದ ಬಸ್ಸು ಹತ್ತಿದೆ. ಕಮ್ಮಾರರ ಮನೆ ಕೇಳಿಕೊಂಡು ಹೋದೆ. ಅಂಗಳದಲ್ಲಿದ್ದವನು ಅಕ್ಕನ ತಮ್ಮನ ಮಗ, ಐವತ್ತರ ಹತ್ತಿರದವನು. ಅಕ್ಕ ಹೋಗಿ ಹನ್ನೆರಡು ವರ್ಷವಾಯಿತಂತೆ. ನಿದ್ದೆಯಲ್ಲೇ ಹೋದರಂತೆ, ಯಾರಿಂದಲೂ ಸೇವೆ ಮಾಡಿಸಿಕೊಳ್ಳಲಿಲ್ಲವಂತೆ. ನೀರು ಕೊಟ್ಟು ಕೂರಿಸಿ ಅವನು ಕೇಳಿದ:

"ನಮ್ಮತ್ತೆ ನಿಮಗೇನಾಗಬೇಕ್ರಿ?"

ನನಗೆ ಕೆಲಸ ಕಲಿಸಿದವರು ಎಂದೆ. ಯಾವ ಕೆಲಸ ಎಂದು ಅವನು ನನ್ನ ಮುಖ ನೋಡಿದ. ಅಕ್ಕ ಅಲ್ಲಿಗೆ ಬಂದಾಗ ಅವನಿನ್ನೂ ಚಿಕ್ಕವನು. ಅವನಿಗೆ ಗೊತ್ತಿದ್ದದ್ದು ಕುರುಡ ಗಂಡನನ್ನು ಕೊನೆಯವರೆಗೂ ನೋಡಿಕೊಂಡ, ಆಮೇಲೆ ಹಿತ್ತಿಲಲ್ಲಿ ಸೊಪ್ಪು ಬೆಳೆದುಕೊಂಡು ಇದ್ದ ಸೋದರತ್ತೆ, ಅಷ್ಟೇ. ಆ ಮನೆಯ ಗಂಡಸರು ಅವರನ್ನು ಕುಲುಮೆಯ ಹತ್ತಿರ ಬಿಡಲಿಲ್ಲವೋ, ಅವರೇ ಹೋಗಲಿಲ್ಲವೋ, ಅದು ಅವನಿಗೂ ತಿಳಿಯದು.

ಹೇಳಲೋ ಬೇಡವೋ ಎಂದು ಹಿಂದೆಮುಂದೆ ನೋಡಿದೆ. ಕೊನೆಗೆ ಎಲ್ಲವನ್ನೂ ಹೇಳಿದೆ. ಖಾಕಿ ಅಂಗಿ, ಬೆವರುವ ತಗಡು, ಚಹದಂಗಡಿಯಲ್ಲಿ ನಾನಾಡಿದ ಮಾತು, ಯಾವುದನ್ನೂ ಬಿಡಲಿಲ್ಲ. ಮುಗಿದ ಮೇಲೆ ಅವನು, "ಅತ್ತೆ ಒಂದಿನಾನೂ ಹೇಳಲಿಲ್ಲವಲ್ರಿ" ಎಂದ.

ಬಸ್ಸಿನಲ್ಲಿ ವಾಪಸು ಬರುವಾಗ ಅದನ್ನೇ ಯೋಚಿಸಿದೆ. ಅಕ್ಕನ ವಿಷಯವನ್ನು ನಾನು ಎರಡು ಸಲ ಬೇರೆಯವರಿಗೆ ಹೇಳಿದ್ದೇನೆ. ಎರಡು ಸಲವೂ ಅವರನ್ನು ಕೇಳಿ ಹೇಳಲಿಲ್ಲ. ಈ ಸಲ ಕೇಳಲು ಅವರಿರಲಿಲ್ಲ. ಮೊದಲ ಸಲ ಇದ್ದರು, ಅರ್ಧ ಮೈಲಿ ದೂರದಲ್ಲಿ.